ಕುರ್ಚಿಯಿಂದ ಏಳುವ ಶಕ್ತಿ: ಡಿಮೆನ್ಷಿಯಾ ಇರುವ ಹಿರಿಯರ ಮಾಂಸಖಂಡ ಉಳಿಸಿಕೊಳ್ಳುವ ಬಗೆ

ಕೈಬಳೆ ಮೊಣಕೈವರೆಗೆ ಜಾರುತ್ತದೆ. ಪಂಚೆ ಒಂದು ಸುತ್ತು ಹೆಚ್ಚಿಗೆ ಬರುತ್ತದೆ. ಹಲ್ಲಿನ ಸೆಟ್ ಸಡಿಲಾಗಿ ಮಾತಾಡುವಾಗ ಸದ್ದು ಮಾಡುತ್ತದೆ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ, ಇರುವ ಮನೆಯಲ್ಲಿ ಇವೆಲ್ಲ ಕಣ್ಣಿಗೆ ಬೀಳುತ್ತವೆ, ಆದರೆ ‘ಅರವತ್ತಕ್ಕೆ ಅರಳು ಮರಳು, ಇನ್ನು ಎಂಬತ್ತಕ್ಕೆ ಮೈ ಸೊರಗದೆ ಇರುತ್ತದೆಯೇ’ ಎಂದು ಬಿಟ್ಟುಬಿಡುತ್ತೇವೆ. ಎಲ್ಲರ ಗಮನ ಮರೆವಿನ ಕಡೆಗೇ. ಹೆಸರು ಮರೆತರೇ, ದಾರಿ ತಪ್ಪಿದರೇ ಎಂದು ನೋಡುತ್ತಿರುವಾಗ ತೊಡೆಯ ಬಲ ಸದ್ದಿಲ್ಲದೆ ಕರಗುತ್ತಿರುತ್ತದೆ.

ಮನೆಯಲ್ಲೇ ಅವರನ್ನು ನೋಡಿಕೊಳ್ಳಲು ಎಷ್ಟು ಕಾಲ ಸಾಧ್ಯ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವುದು ಈ ಬಲವೇ. ಮಕ್ಕಳ ಹೆಸರು ಮರೆತ ತಾಯಿ ತಾನೇ ಎದ್ದು ಬಚ್ಚಲಿಗೆ ಹೋಗುವವರೆಗೆ ಒಬ್ಬರೇ ಅವರನ್ನು ನೋಡಿಕೊಳ್ಳಬಹುದು. ಏಳಲಾಗದ ದಿನದಿಂದ ಎತ್ತಲು ಇಬ್ಬರು ಬೇಕು, ಡಯಾಪರ್ ಬೇಕು, ಬೆನ್ನುಹುಣ್ಣಿನ ಭಯ ಶುರು. ಹಾಗಾಗಿ ಈ ಲೇಖನದ ಗುರಿ ಒಂದೇ: ಕುರ್ಚಿಯಿಂದ ಏಳುವ ಶಕ್ತಿಯನ್ನು ಆದಷ್ಟು ದಿನ ಕಾಯ್ದುಕೊಳ್ಳುವುದು.

ವಯಸ್ಸಿನೊಂದಿಗೆ ಮಾಂಸಖಂಡವೂ ಬಲವೂ ಕುಗ್ಗುವುದಕ್ಕೆ ವೈದ್ಯರು ಸಾರ್ಕೊಪೀನಿಯಾ ಎನ್ನುತ್ತಾರೆ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಕೊಟ್ಟ ಹೆಸರು ಇದು. ಡಿಮೆನ್ಷಿಯಾದಲ್ಲಿ ಇದು ಬೇಗ ಬರಲು ಕಾರಣಗಳು ಒಂದರ ಮೇಲೊಂದು ಪೇರುತ್ತವೆ. ವಾಸನೆ ತಿಳಿಯುವುದು ಕಡಿಮೆಯಾಗಿ ಊಟ ಸಪ್ಪೆಯಾಗುತ್ತದೆ. ತಿಂದದ್ದು ಮರೆಯುತ್ತದೆ, ತಿನ್ನದೇ ಇದ್ದದ್ದೂ ಮರೆಯುತ್ತದೆ. ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಅಲ್‌ಝೈಮರ್ಸ್‌ನಲ್ಲಿ ಕೆಲವರ ತೂಕ ಕಾಯಿಲೆ ಗುರುತು ಸಿಗುವ ಮುಂಚೆಯೇ ಇಳಿಯತೊಡಗುತ್ತದೆ. ಇದಕ್ಕೆಲ್ಲ ಮೇಲೆ ನಮ್ಮ ಪ್ರೀತಿಯೂ ಸೇರಿಕೊಳ್ಳುತ್ತದೆ. ‘ನೀವು ಕೂತ್ಕೊಳ್ಳಿ, ನಾನು ತಂದುಕೊಡ್ತೀನಿ’ ಎಂದು ದಿನಕ್ಕೆ ಇಪ್ಪತ್ತು ಸಲ ಹೇಳಿದರೆ ಇಪ್ಪತ್ತು ಸಲ ಏಳುವ ಕೆಲಸವನ್ನು ಆ ಕಾಲುಗಳಿಂದ ಕಿತ್ತುಕೊಂಡಂತೆ.

ಮೊದಲ ಹೆಜ್ಜೆ: ಅಳೆದು ಬರೆದಿಡಿ

ಒಂದು ನೋಟ್‌ಬುಕ್, ಟೈಲರ್ ಟೇಪು, ತೂಕದ ಯಂತ್ರ, ಮೊಬೈಲಿನ ಸ್ಟಾಪ್‌ವಾಚು ಸಾಕು. ತಿಂಗಳಿಗೊಮ್ಮೆ, ಬೆಳಗಿನ ಹೊತ್ತು, ಅದೇ ಬಗೆಯ ಬಟ್ಟೆಯಲ್ಲಿ ಅಳೆಯಿರಿ. ಇಲ್ಲಿ ಕೊಟ್ಟಿರುವ ಕುರ್ಚಿ, ಮೀನಖಂಡ ಮತ್ತು ನಡಿಗೆಯ ಅಂಕಿಗಳು 2019ರಲ್ಲಿ ಏಷ್ಯಾದ ತಜ್ಞರ ತಂಡ ಏಷ್ಯನ್ನರಿಗೆಂದೇ ಗೊತ್ತುಮಾಡಿದವು.

ಕುರ್ಚಿ ಪರೀಕ್ಷೆ: ಎರಡೂ ಕೈ ಎದೆಯ ಮೇಲೆ ಕಟ್ಟಿ, ಕೈ ಊರದೆ ಐದು ಸಲ ಎದ್ದು ಕೂರಬೇಕು. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕಡಿಮೆ. ಕೈ ಊರದೆ ಏಳಲು ಆಗದಿದ್ದರೆ ಅದನ್ನೇ ಬರೆದುಕೊಳ್ಳಿ: ‘ಎರಡೂ ಕೈ ಊರಿ 3 ಸಲ’ ಎಂಬುದೂ ಒಂದು ಅಳತೆಯೇ. ಮಾತಿನಲ್ಲಿ ಹೇಳಿದ್ದು ಅರ್ಥವಾಗದವರಿಗೆ ಎದುರು ಕುರ್ಚಿ ಹಾಕಿಕೊಂಡು ನೀವೇ ಎದ್ದು ಕೂತು ತೋರಿಸಿ. ಸೂಚನೆ ತಿಳಿಯದೆ ಸುಮ್ಮನೆ ಕೂತವರನ್ನು ಬಲವಿಲ್ಲದವರೆಂದು ಬರೆಯಬೇಡಿ, ಇನ್ನೊಂದು ದಿನ ನೋಡಿ.

ಮೀನಖಂಡದ ಸುತ್ತಳತೆ: ಕೂತಾಗ, ಪಾದ ನೆಲದ ಮೇಲಿದ್ದಾಗ, ಮೀನಖಂಡದ ಅತಿ ದಪ್ಪ ಜಾಗದಲ್ಲಿ ಟೇಪು ಸುತ್ತಿ. ಗಂಡಸರಿಗೆ 34 ಸೆಂ.ಮೀ., ಹೆಂಗಸರಿಗೆ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸಂಶಯಪಡಬೇಕು. ಕಾಲು ಬಾತಿದ್ದರೆ ಈ ಅಳತೆಯನ್ನು ನಂಬಬೇಡಿ, ನೀರು ತುಂಬಿದ ಕಾಲು ದಪ್ಪ ಕಾಣುತ್ತದೆ.

ನಡಿಗೆ: 6 ಮೀಟರ್ ಗುರುತು ಮಾಡಿ ಮಾಮೂಲಿ ವೇಗದಲ್ಲಿ ನಡೆಸಿ. 6 ಸೆಕೆಂಡಿಗಿಂತ ಹೆಚ್ಚಾದರೆ ನಿಧಾನ ಎಂದರ್ಥ.

ತೂಕ: ಆರು ತಿಂಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತಿಳಿಸಬೇಕಾದ ವಿಷಯ. 50 ಕೆ.ಜಿ. ಇದ್ದವರಿಗೆ ಅದು ಎರಡೂವರೆ ಕೆ.ಜಿ. ಇಲ್ಲೊಂದು ಮೋಸವಿದೆ. ಮೈ ತುಂಬಿಕೊಂಡವರಲ್ಲಿ ಮಾಂಸಖಂಡ ಕರಗಿ ಕೊಬ್ಬು ಸೇರಿದರೆ ತೂಕ ಅಲುಗುವುದೇ ಇಲ್ಲ. ಅದಕ್ಕೇ ತಕ್ಕಡಿಗಿಂತ ಕುರ್ಚಿಯ ಮಾತನ್ನು ಹೆಚ್ಚು ನಂಬಬೇಕು.

ಎರಡನೆಯದು: ವೈದ್ಯರಲ್ಲಿ ಕೇಳಬೇಕಾದದ್ದು

ಆಹಾರ, ವ್ಯಾಯಾಮ ಶುರುಮಾಡುವ ಮೊದಲು ಸರಿಪಡಿಸಬಹುದಾದ ಕಾರಣಗಳನ್ನು ಹುಡುಕಬೇಕು. ಥೈರಾಯ್ಡ್, ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್, ಸಕ್ಕರೆ, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಆಗಿದೆಯೇ ಕೇಳಿ. ವಿಟಮಿನ್ ಡಿ ಕಡಿಮೆ ಇದ್ದರೆ ಕೊಡುವ 60,000 ಯೂನಿಟ್‌ನ ಪೊಟ್ಟಣವನ್ನು ವೈದ್ಯರು ಹೇಳಿದಷ್ಟೇ ವಾರ ಕೊಟ್ಟು ನಿಲ್ಲಿಸಿ. ವರ್ಷಗಟ್ಟಲೆ ಕೊಡುತ್ತಾ ಹೋದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ಮಲಬದ್ಧತೆ, ಗೊಂದಲ ಬರುತ್ತವೆ. ಆ ಗೊಂದಲವನ್ನು ‘ಮರೆವು ಹೆಚ್ಚಾಯಿತು’ ಎಂದು ತಪ್ಪಾಗಿ ತಿಳಿಯುವ ಅಪಾಯವಿದೆ.

ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮರೆವಿಗೆ ಕೊಡುವ ಡೊನೆಪೆಝಿಲ್, ರಿವಾಸ್ಟಿಗ್ಮಿನ್ ಕೆಲವರಲ್ಲಿ ವಾಕರಿಕೆ ತಂದು ಹಸಿವು ಕೊಲ್ಲುತ್ತವೆ. ರಿವಾಸ್ಟಿಗ್ಮಿನ್ ಚರ್ಮಕ್ಕೆ ಅಂಟಿಸುವ ಪ್ಯಾಚ್ ರೂಪದಲ್ಲೂ ಸಿಗುತ್ತದೆ, ಅದರಲ್ಲಿ ವಾಕರಿಕೆ ಕಡಿಮೆ. ಕೂಗಾಟಕ್ಕೆ, ನಿದ್ದೆಗೆ ಕೊಡುವ ಔಷಧಿಗಳಲ್ಲಿ ಕೆಲವು ಮೈಯನ್ನು ಬಿಗಿ ಮಾಡಿ ಹಗಲೆಲ್ಲ ತೂಕಡಿಸುವಂತೆ ಮಾಡುತ್ತವೆ. ಹೊಸ ಮಾತ್ರೆ ಶುರುವಾದ ಎರಡು ವಾರದಲ್ಲಿ ನಡಿಗೆ ಕೆಟ್ಟಿದ್ದರೆ ತಾರೀಖು ಸಮೇತ ಹೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಸಕ್ಕರೆ ಕಾಯಿಲೆ ಇದ್ದವರ ವಿಷಯ ಬೇರೆಯಾಗಿಯೇ ಹೇಳಬೇಕು. ತೂಕ ಇಳಿಯುತ್ತಿರುವ ಎಂಬತ್ತರ ವಯಸ್ಸಿನವರಿಗೆ ಹತ್ತು ವರ್ಷದ ಹಿಂದಿನ ಕಟ್ಟುನಿಟ್ಟಿನ ಪಥ್ಯವೇ ಶತ್ರುವಾಗಬಹುದು. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ತೆಗೆದುಕೊಂಡು ಊಟ ಬಿಟ್ಟರೆ ಸಕ್ಕರೆ ದಿಢೀರನೆ ಕುಸಿಯುತ್ತದೆ. ಸಕ್ಕರೆಯ ಗುರಿಯನ್ನು ಸಡಿಲ ಮಾಡಬಹುದೇ ಎಂದು ವೈದ್ಯರನ್ನು ಕೇಳಿ.

ಬಾಯೊಳಗೆ ಟಾರ್ಚ್ ಬಿಟ್ಟು ನೋಡಿ. ಮುರಿದ ಹಲ್ಲು, ಹುಣ್ಣು, ನಾಲಿಗೆಯ ಮೇಲಿನ ಬಿಳಿ ಪದರ, ಸಡಿಲ ಸೆಟ್ ಇವು ಊಟ ಬೇಡವೆನ್ನಲು ಸಾಕಾದ ಕಾರಣ, ಆದರೆ ಅವರು ಬಾಯಿಬಿಟ್ಟು ಹೇಳಲಾರರು. ಮೂರು ದಿನ ಮಲವಿಸರ್ಜನೆ ಆಗದಿದ್ದರೂ ತುತ್ತು ಇಳಿಯುವುದಿಲ್ಲ.

ಮೂರನೆಯದು: ತಟ್ಟೆಯಲ್ಲಿ ಪ್ರೋಟೀನ್ ಎಷ್ಟಿದೆ?

ಹಿರಿಯರಿಗೆ ದಿನಕ್ಕೆ ತಮ್ಮ ತೂಕದ ಪ್ರತಿ ಕೆ.ಜಿ.ಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಕಾಯಿಲೆಯಿದ್ದು ಸೊರಗಿದವರಿಗೆ 1.2ರಿಂದ 1.5 ಗ್ರಾಂ. ಅಂದರೆ 50 ಕೆ.ಜಿ. ಇರುವ ಅಜ್ಜಿಗೆ ಸುಮಾರು 60 ಗ್ರಾಂ. ಡಯಾಲಿಸಿಸ್ ಇಲ್ಲದ, ಮೂತ್ರಪಿಂಡದ ತೀವ್ರ ತೊಂದರೆ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ಅವರಿಗೆ ವೈದ್ಯರು ಹೇಳಿದ ಮಿತಿಯೇ ಸರಿ.

ಈಗ ನಮ್ಮ ಮನೆಗಳ ಮಾಮೂಲಿ ದಿನವನ್ನು ಲೆಕ್ಕ ಹಾಕಿ. ಬೆಳಿಗ್ಗೆ ಎರಡು ಇಡ್ಲಿ, ಚಟ್ನಿ: 5 ಗ್ರಾಂ. ಎರಡು ಲೋಟ ಕಾಫಿಯ ಹಾಲು: 3. ಮಧ್ಯಾಹ್ನ ಅನ್ನ, ತಿಳಿಸಾರು, ಸ್ವಲ್ಪ ಮೊಸರು: 11. ಸಂಜೆ ಮಾರಿ ಬಿಸ್ಕತ್ತು: 1. ರಾತ್ರಿ ‘ಹಗುರವಾಗಿರಲಿ’ ಎಂದು ರವೆ ಗಂಜಿ: 4. ಒಟ್ಟು 25 ಗ್ರಾಂ ಆಸುಪಾಸು. ಬೇಕಾದದ್ದರ ಅರ್ಧವೂ ಇಲ್ಲ. ವಯಸ್ಸಾದವರಿಗೆ ಗಂಜಿ, ತಿಳಿಸಾರು, ಬಿಸ್ಕತ್ತು ಒಳ್ಳೆಯದು ಎಂಬ ನಂಬಿಕೆ ಹೊಟ್ಟೆಗೆ ಸಮಾಧಾನ ಕೊಡುತ್ತದೆ, ಆದರೆ ತೊಡೆಯನ್ನು ಉಪವಾಸ ಕೆಡವುತ್ತದೆ.

ಅದೇ ಅಡುಗೆಮನೆಯಿಂದ 60 ಗ್ರಾಂ ಹತ್ತಿರಕ್ಕೆ ಹೀಗೆ ಮುಟ್ಟಬಹುದು:

ಬೆಳಿಗ್ಗೆ 60 ಗ್ರಾಂ ಹೆಸರುಬೇಳೆ ರುಬ್ಬಿದ ಎರಡು ಮೆತ್ತನೆ ದೋಸೆ (14 ಗ್ರಾಂ), ಒಂದು ಲೋಟ, ಅಂದರೆ 200 ಮಿ.ಲೀ. ಹಾಲು (6 ಗ್ರಾಂಗಿಂತ ತುಸು ಹೆಚ್ಚು). ಮಧ್ಯಾಹ್ನ 40 ಗ್ರಾಂ ತೊಗರಿಬೇಳೆ ಪೂರ್ತಿ ಅವರ ಪಾಲಿಗೇ ಬರುವಂತೆ ಗಟ್ಟಿ ತೊವ್ವೆ (9 ಗ್ರಾಂ), ಸ್ವಲ್ಪ ಅನ್ನ ಅಥವಾ ರಾಗಿ (4 ಗ್ರಾಂ), 150 ಗ್ರಾಂ ಮೊಸರು (5 ಗ್ರಾಂ). ನಾಲ್ಕು ಗಂಟೆಗೆ ನುಣ್ಣಗೆ ಪುಡಿ ಮಾಡಿದ 30 ಗ್ರಾಂ ಕಡಲೆಕಾಯಿ, ಬೆಲ್ಲ ಸೇರಿಸಿ ಹಾಲಿನಲ್ಲಿ ಕಲಸಿದ ಮೆತ್ತನೆ ಪೇಸ್ಟ್ (7 ಗ್ರಾಂ). ರಾತ್ರಿ ಒಂದು ಕಪ್ ಮೆತ್ತಗಿನ ಅನ್ನ (4 ಗ್ರಾಂ), 50 ಗ್ರಾಂ ಪನೀರ್ ಉದುರಿಸಿದ ಪಲ್ಯ (9 ಗ್ರಾಂ). ಮೊಟ್ಟೆ ತಿನ್ನುವವರಾದರೆ ಪನೀರ್ ಬದಲು ಎರಡು ಮೊಟ್ಟೆ (12 ಗ್ರಾಂ). ಮೀನು ತಿನ್ನುವ ಕರಾವಳಿಯ ಮನೆಗಳಲ್ಲಿ ಮುಳ್ಳು ಬಿಡಿಸಿದ 100 ಗ್ರಾಂ ಮೀನಿನಲ್ಲಿ ಹೆಚ್ಚುಕಡಿಮೆ 20 ಗ್ರಾಂ ಸಿಗುತ್ತದೆ, ಅದೂ ಮೆತ್ತಗೆ.

ಒಂದೇ ಹೊತ್ತಿಗೆ ತುಂಬಬೇಡಿ, ಮೂರೂ ಹೊತ್ತಿಗೆ ಹಂಚಿ. ವಯಸ್ಸಾದ ಮಾಂಸಖಂಡ ಚೂರುಪಾರು ಪ್ರೋಟೀನಿಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಒಂದು ಊಟದಲ್ಲಿ 20-25 ಗ್ರಾಂ ಸಿಕ್ಕಾಗ ಚೆನ್ನಾಗಿ ಬಳಸಿಕೊಳ್ಳುತ್ತದೆ. ಕಡಿಮೆ ತಿನ್ನುವವರಿಗೆ ತಿಂಡಿಯ ಗಾತ್ರ ಹೆಚ್ಚಿಸದೆ ಸತ್ವ ಹೆಚ್ಚಿಸಬೇಕು. 15 ಗ್ರಾಂ ಕೆನೆ ತೆಗೆದ ಹಾಲಿನ ಪುಡಿಯನ್ನು ಹಾಲಿಗೆ ಕಲಸಿದರೆ 5 ಗ್ರಾಂ ಹೆಚ್ಚುತ್ತದೆ. ಗಂಜಿಯೇ ಬೇಕೆಂದು ಹಟ ಹಿಡಿದರೆ ಅದಕ್ಕೆ 25 ಗ್ರಾಂ ಹುರಿಗಡಲೆ ಪುಡಿ ಹಾಕಿ, ಇನ್ನೊಂದು 5 ಗ್ರಾಂ. ಚಪಾತಿ ಹಿಟ್ಟಿಗೆ ಸೋಯಾ ಹಿಟ್ಟು ಬೆರೆಸಬಹುದು. ಇದರ ಜೊತೆಗೆ ತುಪ್ಪ, ತೆಂಗಿನಕಾಯಿ ಹಾಲು, ಕಡಲೆಕಾಯಿ ಎಣ್ಣೆ ಧಾರಾಳವಾಗಿರಲಿ. ಒಟ್ಟು ಕ್ಯಾಲರಿ ಸಾಲದಿದ್ದರೆ ದೇಹ ಕೊಟ್ಟ ಪ್ರೋಟೀನನ್ನೇ ಸೌದೆಯಂತೆ ಸುಡುತ್ತದೆ. ದಿನವಿಡೀ ಮನೆ ತುಂಬ ಓಡಾಡುತ್ತಲೇ ಇರುವವರಿಗೆ ಇನ್ನೂ ಹೆಚ್ಚು ಬೇಕು. ಅವರಿಗೆ ಕೂತು ಉಣ್ಣುವ ತಾಳ್ಮೆ ಇರುವುದಿಲ್ಲ, ಕೈಯಲ್ಲಿ ಹಿಡಿದು ತಿನ್ನುವ ಮೃದುವಾದ ದೋಸೆಯ ಸುರುಳಿ, ಬಾಳೆಹಣ್ಣು, ಬೇಯಿಸಿದ ಮೊಟ್ಟೆಯ ಹೋಳು ಕೊಡಿ.

ನಾಲ್ಕನೆಯದು: ಉಣ್ಣಿಸುವ ಕ್ರಮ

ಬಿಳಿ ತಟ್ಟೆಯಲ್ಲಿ ಮೊಸರನ್ನ ಬಡಿಸಿದರೆ ಡಿಮೆನ್ಷಿಯಾ ಇರುವವರ ಕಣ್ಣಿಗೆ ತಟ್ಟೆ ಖಾಲಿ ಕಾಣಬಹುದು. ತಟ್ಟೆಗೂ ಅನ್ನಕ್ಕೂ ಬಣ್ಣದ ವ್ಯತ್ಯಾಸ ಬೇಕು. 2004ರಲ್ಲಿ ಬೋಸ್ಟನ್ನಿನಲ್ಲಿ ನಡೆದ ಒಂದು ಪುಟ್ಟ ಅಧ್ಯಯನದಲ್ಲಿ ಎದ್ದು ಕಾಣುವ ಬಣ್ಣದ ತಟ್ಟೆ-ಲೋಟ ಬಳಸಿದಾಗ ತೀವ್ರ ಅಲ್‌ಝೈಮರ್ಸ್ ಇದ್ದವರು ಊಟವನ್ನು ನೂರಕ್ಕೆ 25ರಷ್ಟು ಹೆಚ್ಚು ತಿಂದರು, ನೀರು-ಹಾಲನ್ನು 84ರಷ್ಟು ಹೆಚ್ಚು ಕುಡಿದರು. ನಮಗೆ ಸುಲಭವಾದ ಉಪಾಯ ಬಾಳೆ ಎಲೆ. ಹಸಿರಿನ ಮೇಲೆ ಬಿಳಿ ಅನ್ನ ಎದ್ದು ಕಾಣುತ್ತದೆ, ಎಲೆ ಮುಂದಿದ್ದರೆ ಕೈ ತಾನೇ ಊಟಕ್ಕೆ ಹೋಗುವ ಅಭ್ಯಾಸವೂ ಮೈಯಲ್ಲಿ ಉಳಿದಿರುತ್ತದೆ. ಚಮಚ ಗೊಂದಲ ತರುತ್ತಿದ್ದರೆ ಕೈಯಲ್ಲೇ ಉಣ್ಣಲು ಬಿಡಿ. ಒಮ್ಮೆಗೆ ಒಂದೇ ಪದಾರ್ಥ ಬಡಿಸಿ. ಟಿವಿ ಆರಿಸಿ. ಎಲ್ಲಕ್ಕಿಂತ ಮುಖ್ಯ, ಜೊತೆಯಲ್ಲಿ ಕೂತು ನೀವೂ ಉಣ್ಣಿ. ನಿಮ್ಮ ಕೈ ಬಾಯಿಗೆ ಹೋಗುವುದನ್ನು ನೋಡಿ ಅವರ ಕೈಯೂ ಏಳುತ್ತದೆ.

ಮುದ್ದೆಯ ಬಗ್ಗೆ ಒಂದು ಎಚ್ಚರಿಕೆ. ಮುದ್ದೆಯನ್ನು ಅಗಿಯದೆ ನುಂಗುವುದು ಹಳೆ ಮೈಸೂರು ಸೀಮೆಯ ರೂಢಿ. ನುಂಗುವ ಹಿಡಿತ ತಪ್ಪುತ್ತಿರುವವರಿಗೆ ಅದೇ ಅಪಾಯ, ಅಂಟುವ ಉಂಡೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಅವರಿಗೆ ರಾಗಿಯನ್ನು ಮೆತ್ತನೆ ದೋಸೆಯಾಗಿ, ಗಟ್ಟಿ ಅಂಬಲಿಯಾಗಿ ಕೊಡಿ. ನೀರು ನೀರಾದ ಸಾರಿನಲ್ಲಿ ಅನ್ನದ ಅಗಳು ತೇಲುವಂತಿದ್ದರೂ ಕಷ್ಟ. ನೀರು ಮೊದಲು ಗಂಟಲಿಗಿಳಿಯುತ್ತದೆ, ಅಗಳು ಬಾಯಲ್ಲೇ ಉಳಿಯುತ್ತದೆ. ಎರಡೂ ಒಂದೇ ಹದಕ್ಕೆ ಬರುವಂತೆ ಕಿವುಚಿ. ಒಣ ಅವಲಕ್ಕಿ, ಚೂಡಾ, ಇಡೀ ಕಡಲೆಕಾಯಿ ಬೇಡ.

ಉಣ್ಣುವಾಗ ಬೆನ್ನು ನೇರ, ಗಲ್ಲ ತುಸು ಕೆಳಗೆ. ಟೀ ಚಮಚದಷ್ಟೇ ತುತ್ತು, ಒಂದು ಇಳಿದ ಮೇಲೆ ಇನ್ನೊಂದು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಉಣ್ಣುವಾಗ ಕೆಮ್ಮು, ಗೊರಗೊರ ಧ್ವನಿ, ಕೆನ್ನೆಯಲ್ಲಿ ತುತ್ತು ಉಳಿಯುವುದು, ಮತ್ತೆ ಮತ್ತೆ ಜ್ವರ, ಇವು ಆಹಾರ ಶ್ವಾಸಕೋಶಕ್ಕೆ ಇಳಿಯುತ್ತಿರುವ ಲಕ್ಷಣ. ನುಂಗುವಿಕೆ ಪರೀಕ್ಷಿಸುವ ವಾಕ್ ತಜ್ಞರು ದೊಡ್ಡ ಆಸ್ಪತ್ರೆಗಳಲ್ಲೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಇರುತ್ತಾರೆ.

ಐದನೆಯದು: ಕುರ್ಚಿಯ ವ್ಯಾಯಾಮ

‘ದಿನಾ ವಾಕಿಂಗ್ ಮಾಡಿಸುತ್ತೇವಲ್ಲ’ ಎನ್ನುವವರು ಬಹಳ. ನಡಿಗೆ ಹೃದಯಕ್ಕೆ, ನಿದ್ದೆಗೆ, ಮನಸ್ಸಿಗೆ ಒಳ್ಳೆಯದು, ಬಿಡಬೇಡಿ. ಆದರೆ ಸಮತಟ್ಟು ನೆಲದಲ್ಲಿ ನಡೆದರೆ ತೊಡೆಗೆ ಭಾರ ಬೀಳುವುದು ಕಡಿಮೆ. ಮಾಂಸಖಂಡ ಬೆಳೆಯುವುದು ಭಾರ ಎತ್ತಿದಾಗ, ಮನೆಯಲ್ಲಿ ಸುಲಭವಾಗಿ ಸಿಗುವ ಭಾರ ಅವರ ಸ್ವಂತ ಮೈಯೇ.

ನಿರೀಕ್ಷೆಯನ್ನೂ ಸರಿಯಾಗಿ ಇಟ್ಟುಕೊಳ್ಳಬೇಕು. 2018ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದರಲ್ಲಿ ಡಿಮೆನ್ಷಿಯಾ ಇದ್ದವರ ದೇಹದ ಕಸುವು ವ್ಯಾಯಾಮದಿಂದ ಹೆಚ್ಚಿತು, ಮರೆವು ಮಾತ್ರ ನಿಧಾನವಾಗಲಿಲ್ಲ. 2013ರ ಫಿನ್ಲೆಂಡಿನ ಅಧ್ಯಯನದಲ್ಲಿ ವಾರಕ್ಕೆ ಎರಡು ಸಲ ಮನೆಗೇ ಬಂದು ವ್ಯಾಯಾಮ ಮಾಡಿಸಿದಾಗ, ಒಂದು ವರ್ಷದಲ್ಲಿ ಅಲ್‌ಝೈಮರ್ಸ್ ಇದ್ದವರು ಬೀಳುವುದು ಕಡಿಮೆಯಾಯಿತು, ದಿನದ ಕೆಲಸ ಮಾಡಿಕೊಳ್ಳುವ ಶಕ್ತಿ ಬೇಗ ಕುಸಿಯಲಿಲ್ಲ. ನೆನಪು ಮರಳುತ್ತದೆಂದು ಆಸೆಪಟ್ಟರೆ ನಿರಾಸೆ. ಬಚ್ಚಲಿಗೆ ತಾನೇ ಹೋಗುವುದು ಉಳಿಯಲಿ ಎಂದುಕೊಂಡರೆ ಅದಕ್ಕೆ ದುಡಿಯಬಹುದು.

ಕುರ್ಚಿಗೆ ಎರಡೂ ಕಡೆ ಕೈ ಇರಲಿ, ಚಕ್ರ ಬೇಡ, ಆಸನ ಅವರ ಮೊಣಕಾಲಿನ ಎತ್ತರಕ್ಕೆ, ಅಂದರೆ ಸುಮಾರು 45 ಸೆಂ.ಮೀ. ಇರಲಿ. ಹಗುರವಾದ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಗೋಡೆಗೆ ಒತ್ತಿ ಇಡಿ. ಬಲ ತೀರಾ ಕಡಿಮೆ ಇದ್ದರೆ ಮಡಚಿದ ಜಮಖಾನೆ ಹಾಕಿ ಎತ್ತರ ಮಾಡಿ, ಬಲ ಬಂದಂತೆ ಒಂದೊಂದೇ ಮಡಿಕೆ ತೆಗೆಯಿರಿ. ಪಾದಕ್ಕೆ ಹಿಂಬದಿ ಪಟ್ಟಿ ಇರುವ ಚಪ್ಪಲಿ ಅಥವಾ ಬರಿಗಾಲು. ಕಾಲುಚೀಲ ಮಾತ್ರ ಹಾಕಿ ನಿಲ್ಲಿಸಬೇಡಿ.

1. ಕುರ್ಚಿಯ ಅಂಚಿಗೆ ಸರಿದು ಕೂರಲಿ. ಹೆಚ್ಚಿನವರು ಏಳಲಾಗದೆ ಹಿಂದಕ್ಕೆ ಬೀಳುವುದು ಈ ಹೆಜ್ಜೆ ಬಿಟ್ಟಾಗ.
2. ಪಾದಗಳು ಮೊಣಕಾಲಿಗಿಂತ ತುಸು ಹಿಂದೆ, ಸೊಂಟದಗಲ ದೂರ.
3. ‘ಮೂಗು ಮುಂದೆ’ ಎಂದು ಹೇಳಿ ನೀವೂ ಬಾಗಿ ತೋರಿಸಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರಬೇಕು.
4. ಕುರ್ಚಿಯ ಕೈ ಒತ್ತಿ ಏಳಲಿ. ನಿಂತು ಮೂರು ಎಣಿಸಿ.
5. ನಾಲ್ಕು ಎಣಿಸುತ್ತಾ ನಿಧಾನವಾಗಿ ಕೂರಿಸಿ. ಧಪ್ಪನೆ ಕುಕ್ಕರಿಸಿದರೆ ಅರ್ಧ ಲಾಭ ಹೋಯಿತು, ನಿಧಾನವಾಗಿ ಇಳಿಯುವಾಗಲೂ ತೊಡೆ ದುಡಿಯುತ್ತದೆ.

ಐದು ಸಲ ಮಾಡಿ ಎರಡು ನಿಮಿಷ ವಿಶ್ರಾಂತಿ, ಮತ್ತೆ ಐದು ಸಲ. ವಾರಕ್ಕೆ ಮೂರು ದಿನ, ದಿನ ಬಿಟ್ಟು ದಿನ. ಸುಲಭವೆನಿಸಿದಾಗ ಎಂಟಕ್ಕೆ, ಹತ್ತಕ್ಕೆ ಏರಿಸಿ, ಆಮೇಲೆ ಕೈ ಒತ್ತುವುದನ್ನು ಕಡಿಮೆ ಮಾಡಿ. ಕೊನೆಯ ಎರಡು ಸಲ ಕಷ್ಟವಾಗಬೇಕು, ಆದರೆ ಮಾತಾಡಲು ಉಸಿರು ಉಳಿದಿರಬೇಕು. ಫಲ ಕಾಣಲು ಎಂಟರಿಂದ ಹನ್ನೆರಡು ವಾರ ಬೇಕು. ಮೂರನೆಯ ವಾರಕ್ಕೆ ‘ಏನೂ ಪ್ರಯೋಜನವಿಲ್ಲ’ ಎಂದು ಬಿಡುವವರೇ ಜಾಸ್ತಿ.

ಸಹಾಯ ಮಾಡುವವರು ಪಕ್ಕದಲ್ಲಿ, ಸೋತ ಕಾಲಿನ ಕಡೆ ನಿಲ್ಲಬೇಕು. ಒಂದು ಕೈ ಸೊಂಟದ ಹಿಂದೆ. ಕಂಕುಳಿಗೆ ಕೈ ಹಾಕಿ ಎತ್ತುವುದು, ಮುಂದೆ ನಿಂತು ಕೈ ಹಿಡಿದು ಎಳೆಯುವುದು ಎರಡೂ ಬೇಡ. ಅವರ ಭುಜ ಉಳುಕುತ್ತದೆ, ನಿಮ್ಮ ಬೆನ್ನು ಹಿಡಿಯುತ್ತದೆ, ಮೇಲಾಗಿ ಎಳೆದಾಗ ಅವರು ಹೆದರಿ ಹಿಂದಕ್ಕೆ ಬಿಗಿಯುತ್ತಾರೆ.

ಇದರ ಜೊತೆಗೆ ಕಿಟಕಿಯ ಸರಳು ಹಿಡಿದು ಹಿಮ್ಮಡಿ ಎತ್ತುವುದು ಹತ್ತು ಸಲ, ಕೂತಲ್ಲೇ ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸುವುದು ಹತ್ತು ಸಲ, ಗೋಡೆ ಹಿಡಿದು ಅಡ್ಡಡ್ಡ ನಡೆಯುವುದು. ಅರ್ಧ ಲೀಟರ್ ನೀರಿನ ಬಾಟಲಿ ಎತ್ತಿದರೆ ತೋಳಿಗೆ ಅರ್ಧ ಕೆ.ಜಿ. ಭಾರವಾಯಿತು.

ಎದೆನೋವು, ಕಣ್ಣು ಕತ್ತಲೆ, ಮಾತಾಡಲಾಗದ ಏದುಸಿರು ಬಂದರೆ ನಿಲ್ಲಿಸಿ. ಎದ್ದ ಕೂಡಲೇ ತಲೆ ಸುತ್ತುವವರಿಗೆ ಕೂತಾಗಲೂ ನಿಂತ ಮೂರು ನಿಮಿಷದೊಳಗೂ ಬಿಪಿ ನೋಡಿ. ಮೇಲಿನ ಅಂಕಿ 20 ಇಳಿದರೆ ಔಷಧಿ ಮರುಪರಿಶೀಲಿಸಬೇಕು. ಇತ್ತೀಚೆಗೆ ಮೂಳೆ ಮುರಿದವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಶುರುಮಾಡಬೇಕು.

ಒಲ್ಲೆ ಎಂದಾಗ

‘ಎಕ್ಸರ್‌ಸೈಜ್ ಮಾಡೋಣ’ ಎಂದರೆ ‘ಬೇಡ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ‘ದೇವರಿಗೆ ದೀಪ ಹಚ್ಚೋಣ ಬನ್ನಿ’ ಎಂದರೆ ಎದ್ದುಬಿಡುತ್ತಾರೆ. ಹೆಸರು, ತಾರೀಖು ಅಳಿಸಿಹೋದ ಮೇಲೂ ಕೈಕಾಲು ಕಲಿತ ಕೆಲಸಗಳ ನೆನಪು ಬಹಳ ಕಾಲ ಉಳಿಯುತ್ತದೆ. ಚಪಾತಿ ಲಟ್ಟಿಸುವುದು, ಬಟ್ಟೆ ಹಿಂಡುವುದು, ಗಿಡಕ್ಕೆ ಚೊಂಬಿನಲ್ಲಿ ನೀರು ಹಾಕುವುದು, ಅವರೆಕಾಳು ಬಿಡಿಸಿದ ಬುಟ್ಟಿ ಎತ್ತಿಕೊಡುವುದು, ತುಳಸಿಕಟ್ಟೆ ಸುತ್ತುವುದು ಎಲ್ಲವೂ ವ್ಯಾಯಾಮವೇ. ಕುರ್ಚಿಯ ವ್ಯಾಯಾಮವನ್ನೂ ಇದಕ್ಕೇ ಕಟ್ಟಿ: ಹೂವಿನ ಬುಟ್ಟಿಯನ್ನು ಸ್ವಲ್ಪ ದೂರದ ಮೇಜಿನ ಮೇಲಿಟ್ಟು, ಒಂದೊಂದೇ ಹೂವು ತಂದು ಕೂತು ಕಟ್ಟುವಂತೆ ಮಾಡಿದರೆ ಹತ್ತು ಸಲ ಏಳುವುದು ತಾನಾಗಿ ಆಗುತ್ತದೆ. ಕಟ್ಟಿದ ಮಾಲೆ ಓರೆಕೋರೆಯಿದ್ದರೂ ಅದನ್ನೇ ದೇವರಿಗೆ ಏರಿಸಿ. ತಾನೂ ಈ ಮನೆಗೆ ಬೇಕಾದವಳು ಎಂಬ ಭಾವ ಕೊಡುವ ನೆಮ್ಮದಿಯನ್ನು ಯಾವ ಮಾತ್ರೆಯೂ ಕೊಡಲಾರದು.

ಒಮ್ಮೆಗೆ ಒಂದೇ ಮಾತು ಹೇಳಿ: ‘ಏಳಿ’. ಹೇಳಿ ಹತ್ತು ಸೆಕೆಂಡು ಕಾಯಿರಿ. ಮಾತು ಮೆದುಳಿಗೆ ಇಳಿದು ಕಾಲಿಗೆ ತಲುಪಲು ಅವರಿಗೆ ಅಷ್ಟು ಹೊತ್ತು ಬೇಕು. ಎರಡು ಸೆಕೆಂಡಿಗೆ ಮತ್ತೆ ಹೇಳಿದರೆ ಅವರು ಮೊದಲಿನಿಂದ ಶುರುಮಾಡಬೇಕಾಗುತ್ತದೆ. ಅದೇ ಕುರ್ಚಿ, ಅದೇ ಹೊತ್ತು. ಬೆಳಗಿನ ತಿಂಡಿಯಾಗಿ ಒಂದು ಗಂಟೆಯ ನಂತರ ಒಳ್ಳೆಯದು. ಸಂಜೆ ಹೊತ್ತು ಮುಳುಗುವಾಗ ಗಾಬರಿ ಹೆಚ್ಚಾಗುವವರನ್ನು ಆಗ ಒತ್ತಾಯಿಸಬೇಡಿ. ಅವರಿಗೆ ಬಾಯಿಪಾಠವಾಗಿರುವ ಭಜನೆಯ ತಾಳಕ್ಕೆ ಎದ್ದು ಕೂರಿಸಿದರೆ ಎಣಿಕೆಯೂ ಬೇಡ.

ಮುಖ ಕಿವುಚಿದರೆ, ಮೊಣಕಾಲು ಸವರಿಕೊಂಡರೆ, ಸುಮ್ಮನೆ ಸಿಟ್ಟಾದರೆ ನೋವಿರಬಹುದು. ‘ನೋವಿದೆಯೇ’ ಎಂಬ ಪ್ರಶ್ನೆಗೆ ಅವರು ‘ಇಲ್ಲ’ ಎಂದರೂ ಮುಖ ನೋಡಿ. ಮಂಡಿನೋವು ಇರುವವರಿಗೆ ವ್ಯಾಯಾಮಕ್ಕೆ ಅರ್ಧ ಗಂಟೆ ಮುಂಚೆ ಪ್ಯಾರಸಿಟಮಾಲ್ ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಜ್ವರ, ಆಸ್ಪತ್ರೆ: ಕೈ ತಪ್ಪುವ ವಾರ

ತಿಂಗಳುಗಟ್ಟಲೆ ಕಾಪಾಡಿದ್ದು ಒಂದು ವಾರದಲ್ಲಿ ಹೋಗುವುದು ಇಲ್ಲೇ. ಅಮೆರಿಕದಲ್ಲಿ ಆರೋಗ್ಯವಂತ ಹಿರಿಯರನ್ನೇ ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿ ನೋಡಿದಾಗ ಕಾಲಿನಿಂದಲೇ ಹೆಚ್ಚುಕಡಿಮೆ ಒಂದು ಕೆ.ಜಿ.ಯಷ್ಟು ಮಾಂಸಖಂಡ ಕರಗಿತ್ತು. ಮೂತ್ರದ ಸೋಂಕಿಗೆಂದು ಸೇರಿಸಿದವರು ನಡೆಯಲಾಗದೆ ಮನೆಗೆ ಬರುವುದಕ್ಕೆ ಇದೇ ಕಾರಣ.

ವೈದ್ಯರು ಬೇಡವೆನ್ನದಿದ್ದರೆ ಎರಡನೇ ದಿನದಿಂದಲೇ ಊಟಕ್ಕೆ ಕುರ್ಚಿಯಲ್ಲಿ ಕೂರಿಸಿ. ಮೂತ್ರದ ನಳಿಕೆ ಇನ್ನೂ ಬೇಕೇ ಎಂದು ದಿನವೂ ಕೇಳಿ, ಅದು ಹಾಸಿಗೆಗೆ ಕಟ್ಟಿದ ಹಗ್ಗದಂತೆ. ಕನ್ನಡಕ, ಕಿವಿಯ ಯಂತ್ರ, ಹಲ್ಲಿನ ಸೆಟ್ ಮನೆಯಲ್ಲಿ ಬಿಟ್ಟು ಹೋಗಬೇಡಿ. ಮಲಗಿದಲ್ಲೇ ಪಾದ ಮೇಲೆ-ಕೆಳಗೆ, ಮೊಣಕಾಲು ಮಡಚಿ-ಚಾಚಿ, ಗಂಟೆಗೊಮ್ಮೆ ಹತ್ತು ಸಲ. ಮನೆಗೆ ಬಂದ ಮೇಲೆ ಕುರ್ಚಿ ವ್ಯಾಯಾಮವನ್ನು ಹಿಂದೆ ಎಲ್ಲಿ ಬಿಟ್ಟಿರೋ ಅದರ ಅರ್ಧದಿಂದ ಮತ್ತೆ ಶುರುಮಾಡಿ. ಹಲವು ದಿನ ಏನೂ ತಿನ್ನದೆ ಇದ್ದವರಿಗೆ ಒಮ್ಮೆಲೇ ತುಂಬಿಸಬೇಡಿ, ಎಷ್ಟರಿಂದ ಶುರುಮಾಡಬೇಕೆಂದು ವೈದ್ಯರು ಹೇಳಲಿ.

ಒಂದೆರಡು ದಿನದಲ್ಲಿ ದಿಢೀರನೆ ಏಳಲಾಗದಂತಾದರೆ, ಗೊಂದಲ ಇದ್ದಕ್ಕಿದ್ದಂತೆ ಹೆಚ್ಚಾದರೆ ಅದು ಸಾರ್ಕೊಪೀನಿಯಾ ಆಗಿರಲಾರದು. ಸೋಂಕು, ಔಷಧಿ, ರಕ್ತದಲ್ಲಿ ಉಪ್ಪಿನಂಶದ ಏರುಪೇರು ಇರಬಹುದು, ಅದೇ ದಿನ ವೈದ್ಯರಿಗೆ ತೋರಿಸಿ. ಬಾಯಿ ಸೊಟ್ಟಗಾದರೆ, ಒಂದು ಕಡೆ ಕೈಕಾಲು ಸೋತರೆ, ಮಾತು ತೊದಲಿದರೆ 108ಕ್ಕೆ ಕರೆ ಮಾಡಿ.

ಎಲ್ಲಿ ಸಹಾಯ ಸಿಗುತ್ತದೆ

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಕ್ಲಿನಿಕ್ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಷಿಯೇಟಿವ್ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮೆದುಳು ಆರೋಗ್ಯ ಕ್ಲಿನಿಕ್‌ಗಳು ತೆರೆದಿವೆ. ನಿಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರೇ ದಣಿದು ಕುಸಿದಾಗ ಮಾತಾಡಲು ಟೆಲಿ ಮಾನಸ್ 14416. ಫಿಸಿಯೋಥೆರಪಿಸ್ಟರನ್ನು ತಿಂಗಳಿಗೆ ಒಂದೆರಡು ಸಲ ಮನೆಗೆ ಕರೆಸಿ, ಅವರಿಂದ ವ್ಯಾಯಾಮ ಮಾಡಿಸುವುದಕ್ಕಿಂತ ನೀವು ಮಾಡಿಸುವ ಕ್ರಮ ಸರಿಯಿದೆಯೇ ಎಂದು ತಿದ್ದಿಸಿಕೊಳ್ಳಿ. ಖರ್ಚೂ ಕಡಿಮೆ, ಫಲವೂ ಹೆಚ್ಚು.

ಏಳಲಾಗದ ಕಾಲ ಬಂದಾಗ

ಎಷ್ಟು ಮಾಡಿದರೂ ಆ ದಿನ ಬರುತ್ತದೆ. ಆಗ ಗುರಿ ಬದಲಾಗುತ್ತದೆ, ಬಲ ಹೆಚ್ಚಿಸುವ ಒತ್ತಾಯ ನಿಲ್ಲಿಸಿ. ಕೀಲುಗಳು ಮಡಚಿಕೊಂಡು ಗಂಟುಬೀಳದಂತೆ ದಿನಕ್ಕೆ ಎರಡು ಸಲ, ಬಿಸಿನೀರಿನಲ್ಲಿ ಮೈ ಒರೆಸಿದ ಮೇಲೆ, ಬೆರಳು, ಮೊಣಕೈ, ಭುಜ, ಮೊಣಕಾಲು, ಪಾದವನ್ನು ನಿಧಾನವಾಗಿ ನೋವಾಗದಷ್ಟು ದೂರ ಐದೈದು ಸಲ ಆಡಿಸಿ. ಮುಷ್ಟಿ ಬಿಗಿಯುತ್ತಿದ್ದರೆ ಸುತ್ತಿದ ಮೆತ್ತನೆ ಬಟ್ಟೆ ಹಿಡಿಸಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಹಿಮ್ಮಡಿ ಹಾಸಿಗೆಗೆ ತಾಗದಂತೆ ಮೀನಖಂಡದ ಕೆಳಗೆ ದಿಂಬು ಇಡಿ.

ನುಂಗುವುದು ಕಷ್ಟವಾದಾಗ ಮೂಗಿನ ನಳಿಕೆಯ ಮಾತು ಬರುತ್ತದೆ. ಕಾಯಿಲೆಯ ಕೊನೆಯ ಹಂತದಲ್ಲಿ ನಳಿಕೆ ಆಯಸ್ಸು ಹೆಚ್ಚಿಸುತ್ತದೆ, ನ್ಯುಮೋನಿಯಾ ತಡೆಯುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಕಿತ್ತು ಹಾಕದಂತೆ ಕೈ ಕಟ್ಟುವ ಸ್ಥಿತಿಯೂ ಬರಬಹುದು. ಹಾಗಾಗಿ ಹಿರಿಯರ ಆರೋಗ್ಯ ತಜ್ಞರ ಸಂಘಟನೆಗಳು ಈ ಹಂತದಲ್ಲಿ ಕೈಯಿಂದ ನಿಧಾನವಾಗಿ ಉಣ್ಣಿಸುವುದನ್ನೇ ಹೇಳುತ್ತವೆ. ಅವರು ಎಚ್ಚರವಾಗಿ, ಸಮಾಧಾನವಾಗಿರುವ ಹೊತ್ತು ನೋಡಿ, ತಲೆಗೆ ದಿಂಬು ಕೊಟ್ಟು ಕೂರಿಸಿ, ಅವರಿಗೆ ಇಷ್ಟವಾದ ಸಿಹಿ ರುಚಿಯ ಗಟ್ಟಿ ಅಂಬಲಿಯನ್ನೋ, ಕಿವುಚಿದ ಬಾಳೆಹಣ್ಣನ್ನೋ, ಅರ್ಧ ಟೀ ಚಮಚದಂತೆ. ನಾಲ್ಕು ಚಮಚ ಇಳಿದರೂ ಆಯಿತು. ಬಾಯಿ ಮುಚ್ಚಿಕೊಂಡರೆ ಅಲ್ಲಿಗೆ ನಿಲ್ಲಿಸಿ, ಒದ್ದೆ ಹತ್ತಿಯಿಂದ ತುಟಿ, ನಾಲಿಗೆ ಒರೆಸಿ, ಸ್ವಲ್ಪ ತುಪ್ಪ ಸವರಿ, ಸ್ವಲ್ಪ ಹೊತ್ತು ಕೈ ಹಿಡಿದು ಪಕ್ಕದಲ್ಲೇ ಕೂತಿರಿ.